ಆರೋಗ್ಯವಿಜ್ಞಾನದಲ್ಲಿ ಸಂಶೋಧನಾ ಹುದ್ದೆ: ಅದು ದೊರೆತ ಬಗೆ

ವಿಜ್ಞಾನದ ಇತಿಹಾಸವೆಂದರೆ ಶೋಧಗಳ ಇತಿಹಾಸವೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಯಾವ ವರ್ಷದಲ್ಲಿ ಯಾವ ಲಸಿಕೆ ಸಿದ್ಧವಾಯಿತು, ಯಾವ ರೋಗಾಣುವನ್ನು ಯಾರು ಗುರುತಿಸಿದರು ಎಂಬ ವಿವರಗಳು ಪಠ್ಯಪುಸ್ತಕಗಳಲ್ಲಿ ದೊರೆಯುತ್ತವೆ. ಆದರೆ ಆ ಶೋಧಕನಿಗೆ ಕುಳಿತು ಕೆಲಸ ಮಾಡಲು ಒಂದು ಮೇಜು ಹೇಗೆ ದೊರೆಯಿತು, ಅವನ ತಿಂಗಳ ವೇತನ ಯಾವ ಬೊಕ್ಕಸದಿಂದ ಬರುತ್ತಿದ್ದಿತು, ಆ ಸ್ಥಾನಕ್ಕೆ ಅವನನ್ನು ಆರಿಸಿದವರು ಯಾರು, ಅದೇ ಸ್ಥಾನವನ್ನು ಬಯಸಿ ಬರಿಗೈಯಲ್ಲಿ ಹಿಂದಿರುಗಿದವರು ಯಾರು ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ. ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಜೈವಿಕ ತಂತ್ರಜ್ಞಾನ ಮೊದಲಾದ ವಿಷಯಗಳಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದು ನಮ್ಮ ವಿಶ್ವವಿದ್ಯಾನಿಲಯಗಳಿಂದ ಹೊರಬೀಳುವ ತರುಣ ತರುಣಿಯರಿಗೆ ಮಾತ್ರ ಇದೇ ಮೊದಲ ಪ್ರಶ್ನೆ. ಸಂಶೋಧನೆಯಲ್ಲಿ ಆಸಕ್ತಿಯುಂಟು, ಅರ್ಹತೆಯೂ ಉಂಟು, ಹುದ್ದೆ ಎಲ್ಲಿದೆ? ಈ ಪ್ರಶ್ನೆಗೂ ಒಂದು ಇತಿಹಾಸವಿದೆಯೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ಭಾರತದಲ್ಲಿ ಆರೋಗ್ಯ ಮತ್ತು ಜೀವವಿಜ್ಞಾನಗಳ ಸಂಶೋಧನಾ ಹುದ್ದೆಗಳು ಹುಟ್ಟಿದ್ದು ಸೇವಾವರ್ಗಗಳ ಅನುಕೂಲಕ್ಕಾಗಿ. ಉತ್ತರ ಕಾಣಬೇಕಾದ ಪ್ರಶ್ನೆಗಳಿಗಾಗಿ ಅಲ್ಲ. ಆದುದರಿಂದ ಆ ವರ್ಗಗಳ ಹೊರಗಿದ್ದ ಅರ್ಹರಿಗೆ ದೊರೆತ ಸ್ಥಳ ಬಹುಮಟ್ಟಿಗೆ ಪಕ್ಕದ ಸ್ಥಳ: ತಾತ್ಕಾಲಿಕವಾದುದು, ಷರತ್ತಿಗೆ ಒಳಪಟ್ಟುದು, ಇಲ್ಲವೆ ಪರಸ್ಥಳದ್ದು. ಹೆಸರಾದ ಕೆಲಸದಲ್ಲಿ ಗಣನೀಯವಾದ ಭಾಗ ಇಂಥ ಪಕ್ಕದ ಸ್ಥಳಗಳಲ್ಲೇ ನಡೆಯಿತು.

ಮೊದಲ ನಿದರ್ಶನ ಬೆಂಗಳೂರಿಗೇ ಸಂಬಂಧಿಸಿದುದು. ತಿರುವನಂತಪುರದಲ್ಲಿ ೧೮೬೩ರಲ್ಲಿ ಈಳವ ಕುಟುಂಬದಲ್ಲಿ ಹುಟ್ಟಿದ ಪದ್ಮನಾಭನ್ ಪಲ್ಪು ಎಂಬವರು ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಓದಿ ಎಲ್.ಎಂ.ಎಸ್. ಪದವಿಯನ್ನು ಪಡೆದರು. ತಮ್ಮ ಊರಿಗೆ ಮರಳಿ ತಿರುವಾಂಕೂರು ಸಂಸ್ಥಾನದ ವೈದ್ಯಕೀಯ ಇಲಾಖೆಯಲ್ಲಿ ನೌಕರಿಯನ್ನು ಕೇಳಿದಾಗ ಅವರಿಗೆ ಅದು ದೊರೆಯಲಿಲ್ಲ. ಕಾರಣ ಅವರ ಜಾತಿ. ಪಲ್ಪುರವರು ಅನಂತರ ಬಂದುದು ಮೈಸೂರು ಸಂಸ್ಥಾನಕ್ಕೆ. ೧೮೯೦ರ ದಶಕದಲ್ಲಿ ಅವರು ಮೈಸೂರು ಸರ್ಕಾರದ ವೈದ್ಯಕೀಯ ಸೇವೆಗೆ ಸೇರಿ, ಬೆಂಗಳೂರಿನಲ್ಲಿ ಸಿಡುಬಿನ ಲಸಿಕೆಯನ್ನು ತಯಾರಿಸುತ್ತಿದ್ದ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಕರುಗಳ ಮೈಮೇಲೆ ಲಸಿಕೆಯ ದ್ರವವನ್ನು ಬೆಳೆಸಿ, ಅದನ್ನು ಶೋಧಿಸಿ, ಕೆಡದಂತೆ ಹಳ್ಳಿಹಳ್ಳಿಗಳಿಗೆ ಕಳುಹಿಸಿ, ಜನರಿಗೆ ದೇವಿ ಹಾಕಿಸುವ ಕೆಲಸವದು. ಇಂದಿನ ಭಾಷೆಯಲ್ಲಿ ಜೈವಿಕ ತಂತ್ರಜ್ಞಾನವೆಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದರ ಅತ್ಯಂತ ಹಳೆಯ ರೂಪಗಳಲ್ಲಿ ಇದೂ ಒಂದೆಂದರೆ ತಪ್ಪಾಗಲಾರದು.

೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಪ್ಲೇಗಮ್ಮನ ಹೆಸರಿನ ಗುಡಿಗಳು ಇಂದಿಗೂ ಆ ಕಾಲದ ಭಯವನ್ನು ನೆನಪಿಗೆ ತರುತ್ತವೆ. ಪಲ್ಪುರವರು ಪ್ಲೇಗಿನ ಶಿಬಿರಗಳಲ್ಲಿ ದುಡಿದರು. ಅನಂತರ ಅದೇ ಸರ್ಕಾರದ ನೆರವಿನಿಂದ ಇಂಗ್ಲೆಂಡಿಗೆ ಹೋಗಿ ಸಾರ್ವಜನಿಕ ಆರೋಗ್ಯಶಾಸ್ತ್ರದಲ್ಲಿ ಉನ್ನತ ಶಿಕ್ಷಣವನ್ನು ಪಡೆದು ಹಿಂದಿರುಗಿದರು. ಈ ನಡುವೆ ೧೮೯೬ರಲ್ಲಿ, ೧೩,೧೭೬ ಜನರ ಸಹಿಯುಳ್ಳ ಮನವಿಯೊಂದನ್ನು ಅವರು ತಿರುವಾಂಕೂರಿನ ಮಹಾರಾಜರಿಗೆ ಸಲ್ಲಿಸಿದ್ದರು. ತಮ್ಮವರಿಗೆ ಸರ್ಕಾರದ ಶಾಲೆಗಳೂ ನೌಕರಿಗಳೂ ತೆರೆಯಬೇಕೆಂಬುದು ಅದರ ಬೇಡಿಕೆ. ಹುಟ್ಟಿದ ಸಂಸ್ಥಾನ ಬೇಡವೆಂದ ವೈದ್ಯನನ್ನು ನೆರೆಯ ಸಂಸ್ಥಾನ ಕರೆದುಕೊಂಡಿತೆಂಬುದು ನಮಗೆ ಹೆಮ್ಮೆಯ ಸಂಗತಿಯೇ. ಆದರೆ ಇದನ್ನು ಮೈಸೂರಿನ ಔದಾರ್ಯವೆಂದು ಕೊಂಡಾಡಿ ಮುಗಿಸುವುದು ಸರಿಯಲ್ಲ. ಮೈಸೂರಿನ ಬ್ರಾಹ್ಮಣೇತರರು ಸರ್ಕಾರಿ ಹುದ್ದೆಗಳಲ್ಲಿ ತಮ್ಮ ಪಾಲನ್ನು ಕೇಳಿದ್ದು, ಅದರ ಪರಿಶೀಲನೆಗೆ ೧೯೧೮ರಲ್ಲಿ ಮಿಲ್ಲರ್ ಸಮಿತಿ ನೇಮಕವಾದದ್ದು ಎಲ್ಲರಿಗೂ ತಿಳಿದ ವಿಷಯ. ಹೊರಗಿನಿಂದ ಬಂದ ಒಬ್ಬನಿಗೆ ಬಾಗಿಲು ತೆರೆಯುವುದು ಸುಲಭ. ಒಳಗಿನ ಅನೇಕರಿಗೆ ತೆರೆಯುವುದು ಬೇರೆಯ ಮಾತು.

ಬ್ರಿಟಿಷ್ ಭಾರತದಲ್ಲಿ ಬಾಗಿಲಿನ ಬೀಗದ ಕೈ ಇದ್ದುದು ಇಂಡಿಯನ್ ಮೆಡಿಕಲ್ ಸರ್ವೀಸ್ ಎಂಬ ಸೇವಾವರ್ಗದ ಬಳಿ. ಮೂಲತಃ ಅದು ಸೈನ್ಯದ ವೈದ್ಯರ ವರ್ಗ. ಅದರ ಸ್ಪರ್ಧಾ ಪರೀಕ್ಷೆ ೧೮೫೫ರಿಂದ ಭಾರತೀಯರಿಗೂ ತೆರೆದಿದ್ದರೂ ಅದು ನಡೆಯುತ್ತಿದ್ದುದು ಲಂಡನ್ನಿನಲ್ಲಿ. ಹಡಗಿನ ವೆಚ್ಚವನ್ನೂ ಅಲ್ಲಿಯ ಓದಿನ ವೆಚ್ಚವನ್ನೂ ಭರಿಸಬಲ್ಲವರಿಗೆ ಮಾತ್ರ ಆ ಪರೀಕ್ಷೆ. ಪ್ರಾಂತಗಳ ಸಿವಿಲ್ ಸರ್ಜನರು, ವೈದ್ಯಕೀಯ ಕಾಲೇಜುಗಳ ಪ್ರಾಧ್ಯಾಪಕರು, ಕಸೌಲಿಯಂಥ ಊರುಗಳಲ್ಲಿ ಸ್ಥಾಪಿತವಾದ ಸಂಶೋಧನಾಲಯಗಳ ನಿರ್ದೇಶಕರು, ಬಹುಮಟ್ಟಿಗೆ ಎಲ್ಲರೂ ಈ ವರ್ಗದವರೇ. ಭಾರತದಲ್ಲೇ ಓದಿದ ವೈದ್ಯನಿಗೆ ಉಳಿದುದು ಅಸಿಸ್ಟೆಂಟ್ ಸರ್ಜನನ ಹುದ್ದೆ. ರೋಗಿಗಳನ್ನು ನೋಡುವ ಕೆಲಸ ಅವನದು. ರೋಗದ ಮೂಲವನ್ನು ಹುಡುಕುವ ಬಿಡುವು ಬೇರೆಯವರದು.

ಸೇವಾವರ್ಗದ ಹೊರಗಿನವನ ಪಾಡು ಏನಾಗಬಹುದೆಂಬುದಕ್ಕೆ ಯೂರೋಪಿನವರೇ ಆದ ವಾಲ್ಡೆಮಾರ್ ಹಾಫ್‌ಕಿನ್‌ರ ಉದಾಹರಣೆ ಸಾಕು. ಒಡೆಸ್ಸಾದ ಯೆಹೂದ್ಯರಾದ ಇವರು ವೈದ್ಯರಲ್ಲ, ಪ್ರಾಣಿಶಾಸ್ತ್ರಜ್ಞರು. ೧೮೯೩ರಲ್ಲಿ ಕಾಲರಾ ಲಸಿಕೆಯೊಡನೆ ಕಲ್ಕತ್ತೆಗೆ ಬಂದು, ೧೮೯೭ರ ಜನವರಿಯಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, ಮೊದಲು ತಮ್ಮ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದರು. ೧೮೯೯ರಲ್ಲಿ ಪರೇಲಿನ ಹಳೆಯ ಗವರ್ನರ್ ಬಂಗಲೆ ಅವರ ಪ್ರಯೋಗಶಾಲೆಯಾಯಿತು. ೧೯೦೨ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಲಸಿಕೆ ಹಾಕಿಸಿಕೊಂಡವರಲ್ಲಿ ೧೯ ಜನ ಧನುರ್ವಾಯುವಿನಿಂದ ಸತ್ತರು. ಒಂದೇ ಸೀಸೆಯ ಲಸಿಕೆಯಿಂದ ಆದ ಅನಾಹುತವದು. ಆದರೂ ಅಪವಾದ ಹಾಫ್‌ಕಿನ್‌ರ ಮೇಲೆ ಬಂದಿತು, ಹುದ್ದೆ ಹೋಯಿತು. ಸೀಸೆಯನ್ನು ತೆರೆದ ಸ್ಥಳದಲ್ಲೇ ಸೋಂಕು ತಗುಲಿರಬೇಕೆಂಬ ವಾದಕ್ಕೆ ಮನ್ನಣೆ ದೊರೆತು ಅವರು ನಿರ್ದೋಷಿಯೆನಿಸಿಕೊಂಡದ್ದು ೧೯೦೭ರಲ್ಲಿ. ಅಷ್ಟರಲ್ಲಿ ಪರೇಲಿನ ನಿರ್ದೇಶಕ ಸ್ಥಾನ ಸೇವಾವರ್ಗದವರ ಕೈ ಸೇರಿತ್ತು. ಆ ಸಂಸ್ಥೆಗೆ ೧೯೨೫ರಲ್ಲಿ ಹಾಫ್‌ಕಿನ್‌ರ ಹೆಸರನ್ನಿಟ್ಟರು. ಹೆಸರು ಮರಳಿತು, ಹುದ್ದೆ ಮರಳಲಿಲ್ಲ. ೧೯೩೨ರಲ್ಲಿ ಅಲ್ಲಿಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದ ಸಾಹಿಬ್ ಸಿಂಗ್ ಸೋಖೆಯವರು ಸಮರ್ಥರು, ಸಂಸ್ಥೆಯನ್ನು ಬಹಳವಾಗಿ ಬೆಳೆಸಿದವರು. ಆದರೆ ಅವರೂ ಅದೇ ಸೇವಾವರ್ಗದ ಅಧಿಕಾರಿಗಳೇ ಎಂಬುದನ್ನು ಗಮನಿಸಬೇಕು.

ಕಲ್ಕತ್ತೆಯ ಉಪೇಂದ್ರನಾಥ ಬ್ರಹ್ಮಚಾರಿಗಳು ಈ ವರ್ಗಕ್ಕೆ ಸೇರಿದವರಲ್ಲ. ಕ್ಯಾಂಪ್‌ಬೆಲ್ ವೈದ್ಯಶಾಲೆಯಲ್ಲಿ ಅವರು ಅಧ್ಯಾಪಕರು. ಪಾಠ ಹೇಳುವುದೂ ರೋಗಿಗಳನ್ನು ನೋಡುವುದೂ ಅವರ ಹುದ್ದೆಯ ಕರ್ತವ್ಯ. ಬಂಗಾಳ, ಅಸ್ಸಾಂಗಳಲ್ಲಿ ಹಳ್ಳಿಗಳನ್ನೇ ಬರಿದುಮಾಡುತ್ತಿದ್ದ ಕಾಲಾ ಅಜಾರ್ ಎಂಬ ಜ್ವರಕ್ಕೆ ಯೂರಿಯಾ ಸ್ಟಿಬಮೀನ್ ಎಂಬ ಔಷಧವನ್ನು ಅವರು ತಯಾರಿಸಿದ್ದು ಆ ಆಸ್ಪತ್ರೆಯ ಒಂದು ಚಿಕ್ಕ ಕೋಣೆಯಲ್ಲಿ. ಅಲ್ಲಿ ಅನಿಲದ ಒಲೆಯಿರಲಿಲ್ಲ, ವಿದ್ಯುತ್ತಿರಲಿಲ್ಲ, ನಲ್ಲಿಯ ನೀರೂ ಇರಲಿಲ್ಲ; ರಾತ್ರಿಯ ಕೆಲಸಕ್ಕೆ ಸೀಮೆ ಎಣ್ಣೆಯ ದೀಪ. ಸಂಶೋಧನೆಗೆಂದೇ ಹುದ್ದೆ ಇಲ್ಲದವನು ಸಂಶೋಧನೆ ಮಾಡಿದ ಬಗೆ ಇದು.

೧೯೧೧ರಲ್ಲಿ ಸ್ಥಾಪಿತವಾದ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಈ ಸ್ಥಿತಿಯನ್ನು ಸ್ವಲ್ಪ ಸಡಿಲಿಸಿತು. ೧೯೪೯ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತೆಂದು ಹೆಸರು ಬದಲಾದುದು ಈ ಸಂಸ್ಥೆಯೇ. ಒಂದು ನಿರ್ದಿಷ್ಟ ಪ್ರಶ್ನೆಗೆ ಹಣವನ್ನು ಕೊಟ್ಟು, ಆ ಹಣದಲ್ಲಿ ಸಹಾಯಕರನ್ನು ನೇಮಿಸಿಕೊಳ್ಳಲು ಅವಕಾಶವಿತ್ತ ಕ್ರಮ ಇಲ್ಲಿಂದ ಬೆಳೆಯಿತು. ಹೊಸಬರು ಒಳಗೆ ಬರಲು ಇದರಿಂದ ಒಂದು ಕಿಂಡಿ ತೆರೆಯಿತೆಂಬುದು ನಿಜ; ಆದರೆ ಹಣ ನಿಂತ ದಿನ ಕೆಲಸವೂ ನಿಲ್ಲುವ ಪದ್ಧತಿಯ ಆರಂಭವೂ ಇದೇ. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ೧೯೧೮ರಲ್ಲಿ ಬೆರಿಬೆರಿ ರೋಗದ ಶೋಧವನ್ನು ಪ್ರಾರಂಭಿಸಿದರು. ೧೯೨೩ರಲ್ಲಿ ಸರ್ಕಾರ ವೆಚ್ಚವನ್ನು ಕಡಿತಗೊಳಿಸಹೊರಟಾಗ ಆ ಕೆಲಸವನ್ನು ಮುಚ್ಚಲಾಯಿತು. ಎರಡು ವರ್ಷಗಳ ಅನಂತರ ಮತ್ತೆ ತೆರೆಯಿತು. ಇಂದು ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮೂಲ ಇದೇ. ಅಷ್ಟು ದೊಡ್ಡ ಸಂಸ್ಥೆಯ ಬಾಲ್ಯದಲ್ಲೂ ಎರಡು ವರ್ಷ ದೀಪವಾರಿತ್ತು.

ಇನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಡೆಗೆ ಬರೋಣ. ಹಳೆಯ ಬೆಂಗಳೂರಿಗರು ಇದನ್ನು ತಾತಾ ಇನ್ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಸೇವಾವರ್ಗದ ಹಂಗಿಲ್ಲದೆ ಸಂಶೋಧನೆಗಾಗಿಯೇ ಹುಟ್ಟಿದ ಸಂಸ್ಥೆ ಇದು; ೧೯೨೧ರಲ್ಲಿ ಇಲ್ಲಿ ಜೀವರಸಾಯನ ವಿಭಾಗವೂ ಆರಂಭವಾಯಿತು. ಇಲ್ಲಿಯಾದರೂ ಬಾಗಿಲು ಅರ್ಹತೆಗೆ ಮಾತ್ರ ತೆರೆದಿತ್ತೆ? ೧೯೩೩ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಪದವಿ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದ ಕಮಲಾ ಭಾಗವತ್ ಎಂಬ ಕನ್ಯೆ ಇಲ್ಲಿಗೆ ಅರ್ಜಿ ಹಾಕಿದರು. ಅವರ ತಂದೆ ಮತ್ತು ಚಿಕ್ಕಪ್ಪ ಈ ಸಂಸ್ಥೆಯಲ್ಲೇ ಓದಿದವರು. ಆಗ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಹೆಣ್ಣೆಂಬ ಕಾರಣದಿಂದ ಅರ್ಜಿ ತಿರಸ್ಕೃತವಾಯಿತು. ಕಮಲಾ ಅವರು ಮುಂಬಯಿಯಿಂದ ಬಂದು ನಿರ್ದೇಶಕರನ್ನೇ ಕಂಡು, ಕಾರಣವನ್ನು ಕೇಳಿ, ಹಟ ಹಿಡಿದು ಕುಳಿತರು. ಕೊನೆಗೆ ಪ್ರವೇಶ ದೊರೆತದ್ದು ಷರತ್ತಿನ ಮೇಲೆ: ಒಂದು ವರ್ಷ ಅವರನ್ನು ಕ್ರಮಬದ್ಧ ವಿದ್ಯಾರ್ಥಿನಿಯೆಂದು ಗಣಿಸುವುದಿಲ್ಲ, ಮಾರ್ಗದರ್ಶಕರು ಹೇಳಿದರೆ ರಾತ್ರಿಯಲ್ಲೂ ಕೆಲಸ ಮಾಡಬೇಕು, ಪ್ರಯೋಗಶಾಲೆಯ ವಾತಾವರಣವನ್ನು ಕೆಡಿಸಬಾರದು. ಮೂರನೆಯ ಷರತ್ತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಮಲಾ ಅವರು ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಕುರಿತು ಕೆಲಸ ಮಾಡಿದರು. ವರ್ಷ ಕಳೆದ ಮೇಲೆ ನಿರ್ದೇಶಕರಿಗೆ ಸಮಾಧಾನವಾಯಿತು. ಅನಂತರ ಬೇರೆ ಹೆಣ್ಣುಮಕ್ಕಳಿಗೂ ಅಲ್ಲಿ ಪ್ರವೇಶ ದೊರೆಯಿತು. ಕಮಲಾ ಅವರು ಮುಂದೆ ಕೇಂಬ್ರಿಜ್ಜಿಗೆ ಹೋಗಿ, ಫ್ರೆಡರಿಕ್ ಹಾಪ್ಕಿನ್ಸರ ಪ್ರಯೋಗಶಾಲೆಯಲ್ಲಿ ಸ್ಥಳ ಕೇಳಿದರು. ಅಲ್ಲಿ ಖಾಲಿ ಮೇಜಿರಲಿಲ್ಲ. ಡೆರಿಕ್ ರಿಕ್ಟರ್ ಎಂಬ ಸಂಶೋಧಕರು ತಾವು ರಾತ್ರಿ ಕೆಲಸ ಮಾಡುವೆವೆಂದೂ ಹಗಲಿನಲ್ಲಿ ತಮ್ಮ ಮೇಜನ್ನು ಆಕೆ ಬಳಸಬಹುದೆಂದೂ ಹೇಳಿದರೆಂಬ ವೃತ್ತಾಂತವುಂಟು. ಬೆಂಗಳೂರಿನ ಷರತ್ತನ್ನೂ ಕೇಂಬ್ರಿಜ್ಜಿನ ಮೇಜನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಹುದ್ದೆಯ ಇತಿಹಾಸದಲ್ಲಿ ನಿಯಮಗಳಿಗಿರುವಷ್ಟೇ ತೂಕ ಮನುಷ್ಯರ ನಡತೆಗೂ ಇದೆಯೆಂದು ತೋರುತ್ತದೆ. ಸಸ್ಯಗಳ ಜೀವಕೋಶಗಳಲ್ಲೂ ಸೈಟೋಕ್ರೋಮ್-ಸಿ ಎಂಬ ಕಿಣ್ವವಸ್ತು ಇದೆಯೆಂದು ಆಲೂಗಡ್ಡೆಯಲ್ಲಿ ಅದನ್ನು ಕಂಡು ಕಮಲಾ ಅವರು ತೋರಿಸಿಕೊಟ್ಟರು. ೧೯೩೯ರಲ್ಲಿ ಡಾಕ್ಟರೇಟ್ ಪದವಿ ಬಂದಿತು. ಭಾರತಕ್ಕೆ ಮರಳಿದ ಮೇಲೆ ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ, ಅನಂತರ ಕೂನೂರಿನಲ್ಲಿ, ಮದುವೆಯಾಗಿ ಕಮಲಾ ಸೊಹೋನಿಯಾದ ಮೇಲೆ ಮುಂಬಯಿಯಲ್ಲಿ ಅವರು ದುಡಿದರು. ೧೯೩೩ರ ಅವಮಾನವನ್ನು ತಾವು ಮರೆಯಲಿಲ್ಲವೆಂದು ಇಳಿವಯಸ್ಸಿನಲ್ಲಿ ಅವರು ಹೇಳಿದ್ದುಂಟು. ರಾಮನ್‌ರ ಹಿರಿಮೆಯನ್ನು ಬಲ್ಲ ನಮಗೆ ಈ ಪ್ರಸಂಗವನ್ನು ಬರೆಯುವುದು ಸುಖಕರವಲ್ಲ. ಆದರೆ ಬರೆಯದೆ ಬಿಡುವುದು ಇತಿಹಾಸಕಾರನ ಕೆಲಸವಲ್ಲ.

ಪರಸ್ಥಳದಲ್ಲಿ ಪೀಠವನ್ನು ಹುಡುಕಿದವರಲ್ಲಿ ಯಲ್ಲಾಪ್ರಗಡ ಸುಬ್ಬರಾಯರ ಕಥೆ ಪ್ರಸಿದ್ಧವಾದುದು. ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಖಾದಿಯ ಉಡುಪನ್ನು ತೊಟ್ಟು ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾದ ಅವರಿಗೆ ಎಂ.ಬಿ.ಬಿ.ಎಸ್. ಬದಲು ಕೆಳಗಿನ ಎಲ್.ಎಂ.ಎಸ್. ಪದವಿ ದೊರೆಯಿತು. ಆ ಪದವಿಯೊಡನೆ ಮದರಾಸಿನ ವೈದ್ಯಕೀಯ ಸೇವೆಯಲ್ಲಿ ಸ್ಥಳ ಸಿಗಲಿಲ್ಲ. ಅಲ್ಲಿಯ ಆಯುರ್ವೇದ ಕಾಲೇಜೊಂದರಲ್ಲಿ ಶರೀರಶಾಸ್ತ್ರದ ಪಾಠ ಹೇಳಿದರು. ಅನಂತರ ಬಾಸ್ಟನ್ನಿಗೆ ಹೋಗಿ ಹಾರ್ವರ್ಡಿನಲ್ಲಿ ಓದುತ್ತ, ಆಸ್ಪತ್ರೆಯೊಂದರಲ್ಲಿ ರಾತ್ರಿಯ ಹೊತ್ತು ಕೆಳದರ್ಜೆಯ ಕೆಲಸ ಮಾಡಿ ಹೊಟ್ಟೆ ಹೊರೆದರು. ಸೈರಸ್ ಫಿಸ್ಕ್‌ರೊಡನೆ ೧೯೨೫ರಲ್ಲಿ ಅವರು ಪ್ರಕಟಿಸಿದ ರಂಜಕದ ಪರಿಮಾಣವನ್ನು ಅಳೆಯುವ ವಿಧಾನವನ್ನು ಜೀವರಸಾಯನದ ವಿದ್ಯಾರ್ಥಿಗಳು ಇಂದಿಗೂ ಅವರ ಹೆಸರಿನಿಂದಲೇ ಕಲಿಯುತ್ತಾರೆ. ಆದರೂ ಹಾರ್ವರ್ಡಿನಲ್ಲಿ ಖಾಯಂ ಸ್ಥಾನ ದೊರೆಯಲಿಲ್ಲ. ೧೯೪೦ರಲ್ಲಿ ಲೆಡರ್ಲೆ ಎಂಬ ಔಷಧ ಕಂಪನಿಯ ಪ್ರಯೋಗಶಾಲೆಯನ್ನು ಸೇರಿದ ಮೇಲೆ ಅವರ ಕೈಗೆ ಸಾಧನಗಳೂ ಸಹಾಯಕರೂ ಬಂದರು. ಫೋಲಿಕ್ ಆಮ್ಲದ ಸಂಶ್ಲೇಷಣೆ, ಮಕ್ಕಳ ರಕ್ತದ ಕ್ಯಾನ್ಸರಿಗೆ ಮೊದಲ ಬಾರಿಗೆ ಪರಿಣಾಮ ತೋರಿಸಿದ ಔಷಧ, ನಮ್ಮ ಕರಾವಳಿಯವರಿಗೆ ಚೆನ್ನಾಗಿ ಪರಿಚಿತವಾದ ಆನೆಕಾಲು ರೋಗಕ್ಕೆ ಔಷಧ, ಇವೆಲ್ಲ ಅವರ ನೇತೃತ್ವದಲ್ಲಿ ಎಂಟೇ ವರ್ಷಗಳಲ್ಲಿ ಆದವು. ೧೯೪೮ರಲ್ಲಿ ಅವರು ತೀರಿಕೊಂಡರು.

ಸುಬ್ಬರಾಯರ ಕಾಲಕ್ಕೆ ಪರಕೀಯ ಆಳ್ವಿಕೆಯಿತ್ತೆಂದು ಸಮಾಧಾನ ಹೇಳಿಕೊಳ್ಳಬಹುದು. ಹರಗೋಬಿಂದ ಖೊರಾನರ ವಿಷಯದಲ್ಲಿ ಆ ಸಮಾಧಾನವೂ ಇಲ್ಲ. ಭಾರತ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಲಿವರ್‌ಪೂಲಿಗೆ ಹೋಗಿ ಡಾಕ್ಟರೇಟ್ ಪಡೆದು, ಜೂರಿಕ್ಕಿನಲ್ಲಿ ಒಂದು ವರ್ಷ ಕೆಲಸ ಕಲಿತು, ೧೯೪೯ರಲ್ಲಿ ಅವರು ಸ್ವತಂತ್ರ ಭಾರತಕ್ಕೆ ಹಿಂದಿರುಗಿದರು. ಅವರ ಕುಟುಂಬ ದೇಶವಿಭಜನೆಯಲ್ಲಿ ಊರು ಬಿಟ್ಟು ಬಂದುದು. ಕೆಲಸ ಹುಡುಕಿದರು, ದೊರೆಯಲಿಲ್ಲ. ಮತ್ತೆ ಇಂಗ್ಲೆಂಡಿಗೆ ಹೋಗಿ ಕೇಂಬ್ರಿಜ್ಜಿನಲ್ಲಿ ಅಲೆಕ್ಸಾಂಡರ್ ಟಾಡ್‌ರ ಬಳಿ ಕೆಲಸಕ್ಕೆ ನಿಂತರು. ೧೯೫೨ರಲ್ಲಿ ಕೆನಡಾದ ವ್ಯಾಂಕೂವರಿನಿಂದ ಬಂದ ಆಹ್ವಾನವೂ ದೊಡ್ಡ ಸೌಕರ್ಯಗಳ ಆಹ್ವಾನವಾಗಿರಲಿಲ್ಲ; ಬಯಸಿದ ಕೆಲಸವನ್ನು ಮಾಡಲು ಪೂರ್ಣ ಸ್ವಾತಂತ್ರ್ಯವೊಂದು ಅಲ್ಲಿತ್ತು. ಆನುವಂಶಿಕ ಲಿಪಿಯನ್ನು ಕುರಿತ ಕೆಲಸಕ್ಕಾಗಿ ೧೯೬೮ರಲ್ಲಿ ಅವರು ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಪ್ರಯೋಗಶಾಲೆಯಲ್ಲಿ ಒಂದು ಜೀನನ್ನೇ ಕಟ್ಟಿ ತೋರಿಸಿ ಇಂದಿನ ಜೈವಿಕ ತಂತ್ರಜ್ಞಾನಕ್ಕೆ ಅಡಿಪಾಯ ಹಾಕಿದವರಲ್ಲಿ ಅವರೂ ಒಬ್ಬರು. ಅಂದು ಇಲ್ಲಿ ಹುದ್ದೆ ದೊರೆತಿದ್ದರೆ ಅದೇ ಕೆಲಸ ಇಲ್ಲೇ ಆಗುತ್ತಿತ್ತೆಂದು ಹೇಳುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಹುದ್ದೆಯೆಂಬುದು ಸಂಬಳದ ಆಜ್ಞಾಪತ್ರ ಮಾತ್ರವಲ್ಲ. ರಾಸಾಯನಿಕಗಳನ್ನು ತರಿಸಲು ಹಣ, ಹೊತ್ತಿಗೆ ಸರಿಯಾಗಿ ಬರುವ ನಿಯತಕಾಲಿಕಗಳು, ಮಾತಾಡಲು ಸಮಾನರು, ಇವೆಲ್ಲ ಅದರ ಅಂಗಗಳು. ೧೯೪೯ರ ಭಾರತದಲ್ಲಿ ಇವೆಲ್ಲ ಒಂದೆಡೆ ಕೂಡಿದ್ದ ಸ್ಥಳಗಳು ಎಷ್ಟಿದ್ದವು?

ಇಂಥವರು ಹಿಂದಿರುಗಿದರೆ ತಂಗಲು ಸ್ಥಳವಿರಬೇಕೆಂಬ ಯೋಚನೆಯಿಂದ ೧೯೫೮ರಲ್ಲಿ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಪರಿಷತ್ತಿನ ಆಡಳಿತದಲ್ಲಿ ವಿಜ್ಞಾನಿಗಳ ಪೂಲ್ ಎಂಬ ವ್ಯವಸ್ಥೆ ಏರ್ಪಟ್ಟಿತು. ಪರದೇಶದಲ್ಲಿ ಕಲಿತು ಬಂದವನಿಗೆ ಖಾಯಂ ಕೆಲಸ ಸಿಗುವವರೆಗೆ ಒಂದು ವೇತನ, ಯಾವುದಾದರೊಂದು ಪ್ರಯೋಗಶಾಲೆಯಲ್ಲಿ ತಾತ್ಕಾಲಿಕ ಸ್ಥಾನ. ಅನೇಕರಿಗೆ ಇದರಿಂದ ನೆರವಾಯಿತು. ಆದರೆ ಪೂಲ್ ಅಧಿಕಾರಿಯೆಂಬವನು ಸಂಸ್ಥೆಯ ನೌಕರನೂ ಅಲ್ಲ, ವಿದ್ಯಾರ್ಥಿಯೂ ಅಲ್ಲ. ಮೂಲೆಯ ಮೇಜು, ಬೇರೆಯವರ ಉಪಕರಣ, ಮುಗಿಯುತ್ತ ಬರುವ ಅವಧಿ. ಛತ್ರದಲ್ಲಿ ಇಳಿದುಕೊಂಡವನಂತೆ ಅವನ ಬಾಳು. ಊಟಕ್ಕೆ ಕೊರತೆಯಿಲ್ಲ, ಮನೆಯೆಂಬುದಿಲ್ಲ.

ಖಾಯಂ ಸ್ಥಾನ ದೊರೆತವರ ಪಾಡೂ ಎಲ್ಲೆಡೆಯಲ್ಲಿ ಸುಗಮವಾಗಿರಲಿಲ್ಲ. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯ ವಿನೋದ್ ಷಾ ಎಂಬ ವಿಜ್ಞಾನಿ ೧೯೭೨ರಲ್ಲಿ ಆತ್ಮಹತ್ಯೆ ಮಾಡಿಕೊಂಡದ್ದು ಸಂಸತ್ತಿನವರೆಗೂ ಮುಟ್ಟಿತು. ನೇಮಕ ಬಡ್ತಿಗಳ ರೀತಿಯನ್ನು ವಿಚಾರಿಸಲು ನ್ಯಾಯಮೂರ್ತಿ ಗಜೇಂದ್ರಗಡ್ಕರ್‌ರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ೧೯೭೩ರಲ್ಲಿ ಕೃಷಿ ವಿಜ್ಞಾನಿಗಳ ನೇಮಕಾತಿಗಾಗಿಯೇ ಒಂದು ಪ್ರತ್ಯೇಕ ಮಂಡಲಿ ಸ್ಥಾಪಿತವಾಯಿತು. ಒಂದು ನೇಮಕಾತಿ ಮಂಡಲಿಯ ಹುಟ್ಟಿಗೆ ಇಷ್ಟು ಬೆಲೆ ತೆರಬೇಕಾಯಿತು.

ವೈದ್ಯಕೀಯ ಕಾಲೇಜುಗಳಲ್ಲಿ ಸಮಸ್ಯೆ ಬೇರೆ. ಅಲ್ಲಿ ಹುದ್ದೆಯೇನೋ ಉಂಟು, ಆದರೆ ಅದು ಪಾಠದ ಹುದ್ದೆ, ಚಿಕಿತ್ಸೆಯ ಹುದ್ದೆ. ಮೇಲಾಗಿ ವರ್ಗಾವಣೆಗೆ ಒಳಪಟ್ಟ ಹುದ್ದೆ. ಕಾಲರಾ ರೋಗಾಣು ಕರುಳಿನಲ್ಲಿ ಒಂದು ವಿಷವನ್ನು ಬಿಡುಗಡೆ ಮಾಡುತ್ತದೆಂದು ೧೯೫೯ರಲ್ಲಿ ತೋರಿಸಿಕೊಟ್ಟ ಶಂಭುನಾಥ ಡೇ ಅವರು ಕಲ್ಕತ್ತೆಯ ವೈದ್ಯಕೀಯ ಕಾಲೇಜಿನ ಅಧ್ಯಾಪಕರು. ೧೯೭೮ರಲ್ಲಿ ನೊಬೆಲ್ ಪ್ರತಿಷ್ಠಾನದ ಗೋಷ್ಠಿ ಅವರನ್ನು ಆಹ್ವಾನಿಸಿತು. ಸ್ವದೇಶದ ವಿಜ್ಞಾನ ಅಕಾಡೆಮಿಗಳು ಅವರನ್ನು ತಮ್ಮ ಫೆಲೋ ಆಗಿ ಆರಿಸಲೇ ಇಲ್ಲ. ಅದೇ ೧೯೭೮ರ ಅಕ್ಟೋಬರಿನಲ್ಲಿ ಅದೇ ನಗರದಲ್ಲಿ ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಪ್ರನಾಳ ಶಿಶುವೊಂದು ಹುಟ್ಟಿತು; ಇಂಗ್ಲೆಂಡಿನ ಮೊದಲ ಶಿಶು ಹುಟ್ಟಿದ ೭೦ ದಿನಗಳ ಅನಂತರ. ರಾಜ್ಯ ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. ೧೯೮೧ರಲ್ಲಿ ಅವರನ್ನು ಕಣ್ಣಿನ ಚಿಕಿತ್ಸೆಯ ಸಂಸ್ಥೆಗೆ ವರ್ಗ ಮಾಡಲಾಯಿತು. ಅದೇ ವರ್ಷದ ಜೂನಿನಲ್ಲಿ ಅವರು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಭಾರತದ ಮೊದಲ ಪ್ರನಾಳ ಶಿಶುವಿನ ಕೀರ್ತಿ ಆವರೆಗೆ ಯಾರಿಗೆ ಸಲ್ಲುತ್ತಿದ್ದಿತೋ ಆ ಟಿ. ಸಿ. ಆನಂದಕುಮಾರರೇ ೧೯೯೭ರಲ್ಲಿ ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಓದಿ, ಮೊದಲಿಗರು ತಾವಲ್ಲ, ಅವರು ಎಂದು ಬರೆದರು. ಆನಂದಕುಮಾರರು ಬೆಂಗಳೂರಿನಲ್ಲಿ ಕೆಲಸ ಮಾಡಿದವರು. ಇಂಥ ಪ್ರಾಮಾಣಿಕತೆ ಅಪರೂಪವೆಂದು ಇಲ್ಲಿ ನಮೂದಿಸುತ್ತೇವೆ.

ಪೀಠವನ್ನು ಮೊದಲು ಮಾಡಿಟ್ಟು ಅದಕ್ಕೆ ಆಳನ್ನು ಹುಡುಕುವುದರ ಬದಲು, ಆಳನ್ನ ಕಂಡು ಪೀಠವನ್ನು ಮಾಡುವ ಕ್ರಮವೂ ನಮ್ಮಲ್ಲಿ ನಡೆದುದುಂಟು. ಹೋಮಿ ಭಾಭಾ ಅವರ ತಾತಾ ಮೂಲಭೂತ ಸಂಶೋಧನಾ ಸಂಸ್ಥೆ ೧೯೪೫ರಲ್ಲಿ ಬೆಂಗಳೂರಿನಲ್ಲೇ ಆರಂಭವಾಗಿ ಮುಂಬಯಿಗೆ ಹೋದುದು. ಲಿಯೊ ಜಿಲಾರ್ಡ್ ಎಂಬ ಭೌತವಿಜ್ಞಾನಿ ಭಾಭಾರಿಗೆ ಬರೆದ ಶಿಫಾರಸಿನಿಂದ ಒಬೈದ್ ಸಿದ್ದಿಖಿಯವರು ೧೯೬೨ರಲ್ಲಿ ಅಲ್ಲಿಗೆ ಬಂದರು. ಭೌತಶಾಸ್ತ್ರ ಗಣಿತಗಳ ಸಂಸ್ಥೆಯಲ್ಲಿ ಅಣುಜೀವವಿಜ್ಞಾನದ ಶಾಖೆ ಹುಟ್ಟಿತು. ಆ ಶಾಖೆಯ ಬಳ್ಳಿಯೇ ೧೯೯೦ರ ದಶಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆವರಣಕ್ಕೆ ಹಬ್ಬಿ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರವಾಯಿತು. ಈ ಕ್ರಮದ ಫಲ ಒಳ್ಳೆಯದು, ಸಂದೇಹವಿಲ್ಲ. ಆದರೆ ಜಿಲಾರ್ಡರಂಥವರ ಪರಿಚಯವಿಲ್ಲದ ಬೀದರಿನ ಅಥವಾ ಚಾಮರಾಜನಗರದ ಪದವೀಧರನಿಗೆ ಅಂಥ ಪತ್ರವನ್ನು ಬರೆದುಕೊಡುವವರು ಯಾರು? ಜಾಹೀರಾತು, ಸಂದರ್ಶನ, ಮೀಸಲಾತಿ ಎಂಬ ನಿಯಮಗಳು ಎಷ್ಟೇ ಬೇಸರ ತರಿಸಲಿ, ಪತ್ರ ಬರೆಯುವವರಿಲ್ಲದವರಿಗೆ ಅವೇ ಆಧಾರ. ಪಲ್ಪುರವರ ೧೩,೧೭೬ ಸಹಿಗಳು ಕೇಳಿದ್ದೂ ಇದನ್ನೇ.

೧೯೮೨ರಲ್ಲಿ ರಾಷ್ಟ್ರೀಯ ಜೈವಿಕ ತಂತ್ರಜ್ಞಾನ ಮಂಡಲಿ, ೧೯೮೬ರಲ್ಲಿ ಪ್ರತ್ಯೇಕ ಇಲಾಖೆ ಏರ್ಪಟ್ಟ ಮೇಲೆ ವಿಶ್ವವಿದ್ಯಾನಿಲಯಗಳಲ್ಲಿ ಈ ವಿಷಯದ ಸ್ನಾತಕೋತ್ತರ ತರಗತಿಗಳು ಬೆಳೆದವು. ಪದವೀಧರರ ಸಂಖ್ಯೆ ಏರಿದ ವೇಗದಲ್ಲಿ ಖಾಯಂ ಹುದ್ದೆಗಳು ಏರಲಿಲ್ಲ. ನಡುವಣ ಅಂತರವನ್ನು ತುಂಬಿದ್ದು ಯೋಜನೆಗಳ ಹಣ. ಮೂರು ವರ್ಷದ ಯೋಜನೆ, ಮೂರು ವರ್ಷದ ಪ್ರಾಜೆಕ್ಟ್ ಅಸಿಸ್ಟೆಂಟ್. ಹೊರದೇಶದಿಂದ ಮರಳುವವರಿಗಾಗಿ ರಾಮಲಿಂಗಸ್ವಾಮಿಯವರ ಹೆಸರಿನ ಫೆಲೋಷಿಪ್, ೨೦೦೮ರಲ್ಲಿ ಬ್ರಿಟನ್ನಿನ ವೆಲ್ಕಮ್ ಟ್ರಸ್ಟಿನೊಡನೆ ಕೂಡಿ ಏರ್ಪಡಿಸಿದ ಇಂಡಿಯಾ ಅಲಯನ್ಸ್, ಇವೂ ಐದು ವರ್ಷದ ಪೀಠಗಳೇ. ೧೯೫೮ರ ಪೂಲಿಗಿಂತ ಇವುಗಳ ವೇತನವೂ ಸ್ವಾತಂತ್ರ್ಯವೂ ಹೆಚ್ಚು. ಆರನೆಯ ವರ್ಷದ ಪ್ರಶ್ನೆ ಮಾತ್ರ ಹಳೆಯದೇ.

ಇಂಥ ಇತಿಹಾಸವನ್ನು ಬರೆಯಲು ಆಧಾರಗಳು ಎಲ್ಲಿವೆಯೆಂಬುದನ್ನೂ ಹೇಳಬೇಕು. ನೇಮಕವಾದವನ ಕಡತವನ್ನು ಕಚೇರಿಗಳು ನಿವೃತ್ತಿವೇತನದ ಲೆಕ್ಕಕ್ಕಾಗಿಯಾದರೂ ಕಾಯ್ದಿಡುತ್ತವೆ. ನೇಮಕವಾಗದವನ ಅರ್ಜಿ ಕೆಲವೇ ವರ್ಷಗಳಲ್ಲಿ ರದ್ದಿಗೆ ಹೋಗುತ್ತದೆ. ಅದು ಉಳಿಯುವುದಾದರೆ ಅವನ ಮನೆಯ ಪೆಟ್ಟಿಗೆಯಲ್ಲೇ. ಸಂದರ್ಶನದ ಕರೆ, ವಿಷಾದಪೂರ್ವಕವೆಂದು ಆರಂಭವಾಗುವ ಉತ್ತರ, ತಾತ್ಕಾಲಿಕ ನೇಮಕದ ಆಜ್ಞೆ, ಅವಧಿ ಮುಗಿದುದನ್ನು ತಿಳಿಸುವ ಪತ್ರ, ಇಂಥವು ನಿವೃತ್ತ ಅಧ್ಯಾಪಕರ ಮತ್ತು ಪ್ರಯೋಗಶಾಲೆಗಳ ಹಳೆಯ ಸಹಾಯಕರ ಮನೆಗಳಲ್ಲಿದ್ದರೆ ದಯವಿಟ್ಟು ಸುಡದೆ ಇರಿಸಬೇಕೆಂದೂ, ನಕಲು ಮಾಡಿಕೊಳ್ಳಲು ನಮ್ಮ ವಿಭಾಗಕ್ಕೆ ಅವಕಾಶ ಕೊಡಬೇಕೆಂದೂ ಕಾಲೇಜುಗಳ ಮಿತ್ರರನ್ನು ಕೇಳಿಕೊಳ್ಳುತ್ತೇವೆ. ಹೆಸರುಗಳನ್ನು ಪ್ರಕಟಿಸಬಾರದೆಂದು ಬಯಸುವವರ ಇಚ್ಛೆಯನ್ನು ನಡೆಸಿಕೊಡಲಾಗುವುದು.